ಪಾಲಿ ವಿಭಾಗಕ್ಕೆ ಮೇಜು ಕುಟ್ಟಿದ್ದು

ಹಲಸೂರಿನ ಆ ಕಲ್ಲುಕಟ್ಟಡದ ವಿಶ್ವವಿದ್ಯಾಲಯದಲ್ಲಿ ಸೆನೆಟ್ ಹಾಲಿನ ಮೇಜು ಎಷ್ಟು ಉದ್ದವೆಂದರೆ, ಈ ತುದಿಯಲ್ಲಿ ಕೂತವರು ಸೀನಿದರೆ ಆ ತುದಿಯವರಿಗೆ ನೆಗಡಿ ತಲುಪುವುದು ಮುಂದಿನ ವಾರ. ಬೀಟೆ ಮರದ ಮೇಜು. ಬ್ರಿಟಿಷರ ಕಾಲದಲ್ಲಿ ಯಾವನೋ ಕರ್ನಲ್ಲು ಅದರ ಮೇಲೆ ನಕ್ಷೆ ಹರಡಿಕೊಂಡು ಯುದ್ಧ ಮಾಡಿಸುತ್ತಿದ್ದನಂತೆ. ಈಗ ಅದರ ಸುತ್ತ ಕೂರುವವರು ದೊಡ್ಡ ದೊಡ್ಡ ಪಂಡಿತರು. ಅವರಿಗೆ ಯುದ್ಧಗಿದ್ಧ ಗೊತ್ತಿಲ್ಲ. ಮೇಜು ಕುಟ್ಟುವುದು ಗೊತ್ತು.

ಅಲ್ಲಿ ಕೈ ಎತ್ತುವ ಪದ್ಧತಿಯಿಲ್ಲ, ಚೀಟಿ ಹಾಕುವ ಪದ್ಧತಿಯೂ ಇಲ್ಲ. ಕುಲಪತಿಗಳು ವಿಷಯ ಓದುತ್ತಾರೆ. ಓದಿ ನಿಲ್ಲಿಸಿ ಒಂದು ಗುಟುಕು ನೀರು ಕುಡಿಯುತ್ತಾರೆ. ಆ ನೀರು ಗಂಟಲಿನಿಂದ ಕೆಳಗಿಳಿಯುವುದರೊಳಗೆ ಸದಸ್ಯರೆಲ್ಲ ದಬದಬ ಮೇಜು ಕುಟ್ಟುತ್ತಾರೆ. ಸದ್ದು ಕೇಳಿದ್ದೇ ತಡ, ಪಕ್ಕದಲ್ಲಿ ಕೂತ ಕುಲಸಚಿವ ಚಲುವಯ್ಯನವರು, "ಅಂಗೀಕಾರ" ಎನ್ನುತ್ತಾರೆ. ಮುಗಿಯಿತು. ಆಮೇಲೆ ಬ್ರಹ್ಮ ಬಂದರೂ ಅದನ್ನು ತಿದ್ದುವ ಹಾಗಿಲ್ಲ. ತಿದ್ದಬೇಕೆಂದರೆ ಬ್ರಹ್ಮನೂ ಮುಂದಿನ ವರ್ಷದ ಸಭೆಗೆ ಅರ್ಜಿ ಹಾಕಿಕೊಳ್ಳಬೇಕು.

ಪಾಲಿ ಭಾಷೆಯ ಮೇಡಂ ಯಮುನಾ ಈ ಸೆನೆಟ್ಟಿಗೆ ಬಂದದ್ದು ಆರಿಸಿ. ಆರಿಸಿ ಎಂದರೆ, ಮೇಷ್ಟರುಗಳ ಪರವಾಗಿ ಯಾರು ನಿಲ್ಲುತ್ತೀರಿ ಎಂದು ಕೇಳಿದಾಗ ಉಳಿದವರಿಗೆಲ್ಲ ಒಟ್ಟಿಗೇ ಬೆನ್ನುನೋವು ಬಂದಿತ್ತು. ಮೊದಲ ಸಭೆಗೆ ಆಕೆ ಒಂದು ವಿಷಯಕ್ಕೆ ವಿರೋಧ ಹೇಳಲೇಬೇಕೆಂದು ಹೋದರು. ಮೈಕಿನ ಗುಂಡಿ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಮೂರು ಕಾಲೇಜು ಹುಟ್ಟಿದವು, ಎರಡು ಕಾಲೇಜು ಸತ್ತವು, ಯಾರಿಗೋ ಗೌರವ ಡಾಕ್ಟರೇಟೂ ಆಗಿಹೋಯಿತು.

ಈ ಸಲ ಸಾಯುವ ಸರದಿ ಪಾಲಿ ವಿಭಾಗದ್ದು. ವಿಭಾಗ ಎಂದರೆ ಹಿಂದಿನ ಅಂಗಳದ ಒಂದು ಕೋಣೆ, ನಾಲ್ಕು ಬೆಂಚು, ಒಬ್ಬರು ಯಮುನಾ ಮೇಡಂ. ಸಂಜೆ ಆಫೀಸು ಮುಗಿಸಿಕೊಂಡು ಬರುವ ಒಂದು ಹಿಡಿ ವಿದ್ಯಾರ್ಥಿಗಳು. ಅವರಲ್ಲಿ ಸುಗತ ಎಂಬುವವನು ಕೆ.ಆರ್. ಪುರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಅವನ ತಾಯಿ ಪ್ರತಿ ಭಾನುವಾರ ಬುದ್ಧನ ಮುಂದೆ ಕೂತು ಹೇಳುವ ಪಾಲಿ ಸೂತ್ರಗಳ, ಅಂದರೆ ಸುತ್ತಗಳ, ಅರ್ಥ ತಾಯಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಈಗ ಅರ್ಧ ಗೊತ್ತಾಗಿತ್ತು. ಇನ್ನರ್ಧ ತಿಳಿಯುವುದರೊಳಗೆ ಕುಲಪತಿ ಅಂಜನಮೂರ್ತಿಯವರ ಕಣ್ಣು ಆ ಕೋಣೆಯ ಮೇಲೆ ಬಿತ್ತು. ಅಲ್ಲಿ 'ಬ್ರ್ಯಾಂಡಿಂಗ್ ಕೇಂದ್ರ' ಮಾಡಬೇಕಂತೆ. ವಿಶ್ವವಿದ್ಯಾಲಯದ ಹೆಸರು ಅಮೆರಿಕಾದ ತನಕ ಕೇಳಿಸಬೇಕಂತೆ. ಹಲಸೂರು ಕೆರೆಯ ಆಚೆ ದಡದವರಿಗೇ ಇದು ಕಾಲೇಜೋ ಕಲ್ಯಾಣಮಂಟಪವೋ ತಿಳಿಯದು, ಅದು ಬೇರೆ ಮಾತು.

ಸಭೆಯ ದಿನ ಬೆಳಿಗ್ಗೆ ಜೀವನ್ ಬಿಮಾ ನಗರದ ಮನೆಯಲ್ಲಿ ಯಮುನಾ ಕನ್ನಡಿ ಮುಂದೆ ಭಾಷಣ ಓದಿಕೊಳ್ಳುತ್ತಿದ್ದರು. ಎರಡೂವರೆ ಸಾವಿರ ವರ್ಷದ ಭಾಷೆ, ಕರುಣೆ, ಪರಂಪರೆ ಎಲ್ಲ ಅದರಲ್ಲಿತ್ತು. ಕೊನೆಗೆ ಬರುವಷ್ಟರಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡರು. ಅತ್ತೆ ಗೋವಿಂದಮ್ಮ ಬಾಗಿಲಲ್ಲಿ ನಿಂತು ಅವರೆಕಾಯಿ ಸುಲಿಯುತ್ತಿದ್ದರು.

"ಅಲ್ಲಿ ಅಳ್ಬೇಡ ಕಣೆ," ಎಂದರು. "ಅತ್ರೆ ಶಾಲು ಹೊದಿಸಿ ಮನೆಗೆ ಕಳಿಸ್ಬಿಡ್ತಾರೆ."

"ಅಳಲ್ಲಮ್ಮ. ಮಾತಾಡ್ತೀನಿ."

"ಯಾರ್ ಕೇಳ್ತಾರೆ?"

"ಓದ್ದೋರಲ್ವೇನಮ್ಮಾ, ಕೇಳ್ತಾರೆ."

ಗೋವಿಂದಮ್ಮ ಒಂದು ಹುಳುಕು ಕಾಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಆಚೆ ಎಸೆದರು.

ಸಭೆ ಶುರುವಾಯಿತು. ಮೊದಲು ಶಾಲು. ಕುಲಪತಿಗಳಿಗೆ ಶಾಲು ಹೊದಿಸದೆ ಆ ಹಾಲಿನಲ್ಲಿ ಫ್ಯಾನು ಕೂಡ ತಿರುಗುವುದಿಲ್ಲ. ಅವರ ಮನೆಯಲ್ಲಿರುವ ಶಾಲುಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಶಿವಾಜಿನಗರದ ಬಸ್‌ಸ್ಟ್ಯಾಂಡಿನಿಂದ ಟಿನ್ ಫ್ಯಾಕ್ಟರಿ ತನಕ ಹಾಸಬಹುದು. ಶಾಲು ಆದ ಮೇಲೆ ಹಾರ, ಹಾರವಾದ ಮೇಲೆ ಫೋಟೋ. ಮಹದೇವಪುರದ ಕಡೆಯ ಸದಸ್ಯರು ರೋಡಿನಲ್ಲಿ ನೀರು ನಿಂತಿತ್ತೆಂದು ತಡವಾಗಿ ಬಂದರು. ಅಲ್ಲಿ ಯಾವಾಗಲೂ ನೀರು ನಿಲ್ಲುತ್ತದೆ, ಆದರೆ ಸೆನೆಟ್ಟಿನ ಊಟಕ್ಕೆ ತಡವಾಗುವಷ್ಟು ನೀರು ಈ ತನಕ ನಿಂತಿಲ್ಲ.

ಯಮುನಾ ಪಕ್ಕದಲ್ಲಿ ಗಣಿತದ ಪ್ರೊಫೆಸರು ಇನಾಯತ್ ಉಲ್ಲಾ ಕೂತಿದ್ದರು. ರಿಚರ್ಡ್ಸ್ ಟೌನಿನವರು. ಇಂಥ ಸಭೆಗಳಲ್ಲೇ ಕೂದಲು ಬೆಳ್ಳಗಾಗಿ, ಆಮೇಲೆ ಉದುರಿಹೋದವರು.

"ಎಷ್ಟು ಪೇಜ್ ಅಮ್ಮಾ ಅದು?" ಎಂದು ಭಾಷಣದತ್ತ ಕಣ್ಣು ತೋರಿಸಿದರು.

"ಜಾಸ್ತಿ ಇಲ್ಲ ಸರ್. ಹೃದಯಕ್ಕೆ ಮುಟ್ಟೋ ಹಾಗೆ ಬರ್ದಿದೀನಿ."

"ಅರೆ, ಹೃದಯ ಇಲ್ಲಿ ತರಲ್ಲ ಯಾರೂ. ಕಾರಲ್ಲಿ ಬಿಟ್ಟು ಬರ್ತಾರೆ. ಹೊಟ್ಟೆ ಒಂದೇ ಒಳಗೆ ಬರೋದು."

ಮೇಜು ಕುಟ್ಟುವ ಕೆಲಸ ಶುರುವಾಯಿತು. ಹಾಸ್ಟೆಲ್ಲಿನ ನೀರಿನ ಟ್ಯಾಂಕಿಗೆ ಕುಲಪತಿಗಳ ತಾಯಿಯ ಹೆಸರು: ದಬದಬ, ಅಂಗೀಕಾರ. ಅಂಜನಮೂರ್ತಿಯವರನ್ನು ಇನ್ನೊಂದು ಅವಧಿಗೂ ಮುಂದುವರಿಸಬೇಕೆಂಬ ಶಿಫಾರಸು: ದಬದಬ, ಅಂಗೀಕಾರ. ಇದನ್ನು ಓದುವಾಗ ಅಂಜನಮೂರ್ತಿಯವರು ನಾಚಿಕೊಂಡು ಎರಡು ಗುಟುಕು ನೀರು ಕುಡಿದರು. ಅದಕ್ಕೆ ಎರಡು ಸಲ ಕುಟ್ಟಾಯಿತು.

ನಡುವೆ ಇತಿಹಾಸದ ಅಮರಪ್ಪನವರು ಎದ್ದು ಲೈಬ್ರರಿ ಸೋರುತ್ತಿದೆ, ಪುಸ್ತಕಗಳ ಮೇಲೆ ಅಣಬೆ ಎದ್ದಿದೆ ಎಂದರು. ಚೆನ್ನಾಗಿಯೇ ಮಾತಾಡಿದರು, ಕೇಳಿದರೆ ಕಲ್ಲಿಗೂ ಕರುಳು ಚುರ್ರೆನ್ನಬೇಕು. ಒಬ್ಬರು ಫೋನಿನಲ್ಲಿ ಮಗಳ ಮದುವೆಗೆ ಸೀರೆ ಆರಿಸುತ್ತಿದ್ದರು. ಇನ್ನೊಬ್ಬರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಆ ವಿದ್ಯೆ ಸೆನೆಟ್ಟಿನ ಹೊರಗೆ ಮೀನಿಗೆ ಮಾತ್ರ ಬರುತ್ತದೆ. ಅಮರಪ್ಪನವರಿಗೆ ಮಾತಾಡಿ ಮಾತಾಡಿ ಗಂಟಲು ಒಣಗಿತು. ಮಾತು ನಿಲ್ಲಿಸಿ ಬಾಟಲಿ ಎತ್ತಿ ನೀರು ಕುಡಿದರು.

ದಬದಬದಬ!

"ಅಂಗೀಕಾರ," ಎಂದರು ಚಲುವಯ್ಯ.

ಏನು ಅಂಗೀಕಾರವಾಯಿತು ಎಂದು ಅಮರಪ್ಪನವರಿಗೂ ತಿಳಿಯಲಿಲ್ಲ. ಸೋರುವುದು ಅಂಗೀಕಾರವಾಯಿತೋ, ಅಣಬೆ ಅಂಗೀಕಾರವಾಯಿತೋ. ಅವರು ಸುತ್ತ ನೋಡಿ, ಥ್ಯಾಂಕ್ಸ್ ಹೇಳಿ ಕೂತುಬಿಟ್ಟರು.

ಯಮುನಾ ಮಾತ್ರ ಕೂತಲ್ಲೇ ನೆಟ್ಟಗಾದರು. ಇವರು ಕುಲಪತಿಗೆ ಕುಟ್ಟುತ್ತಿಲ್ಲ, ವಿಷಯಕ್ಕೂ ಕುಟ್ಟುತ್ತಿಲ್ಲ. ಮಾತು ನಿಂತು ನೀರಿನ ಬಾಟಲಿ ಮೇಲೆದ್ದರೆ ಕುಟ್ಟುತ್ತಾರೆ. ಬಾಟಲಿ ಯಾರ ಕೈಯಲ್ಲಿದ್ದರೇನು? ಮೆಲ್ಲಗೆ ಆಕೆ ತಮ್ಮ ಭಾಷಣವನ್ನು ಮಡಿಸಿದರು. ಎರಡೂವರೆ ಸಾವಿರ ವರ್ಷದ ಕರುಣೆಯನ್ನೆಲ್ಲ ಬ್ಯಾಗಿಗೆ ತುರುಕಿ ಜಿಪ್ಪು ಎಳೆದರು. ಒಂದು ಬಾಟಲಿ ನೀರನ್ನು ಹತ್ತಿರಕ್ಕೆ ಸರಿಸಿಕೊಂಡರು.

"ಏನಾಯ್ತು?" ಎಂದರು ಇನಾಯತ್ ಉಲ್ಲಾ. "ಹೃದಯ ಬೇಡ್ವಾ?"

"ಬೇಡ ಸರ್. ಬಾಯಾರಿಕೆ."

ಅಷ್ಟರಲ್ಲಿ ಪಕ್ಕದ ವರಾಂಡದಲ್ಲಿ ಶಿವಾಜಿನಗರದ ಬಿರಿಯಾನಿಯ ಹಂಡೆ ಮುಚ್ಚಳ ತೆಗೆದರು. ವಾಸನೆ ಬಾಗಿಲಿನ ಕೆಳಗಿಂದ ತೂರಿಬಂದು ಒಬ್ಬೊಬ್ಬ ಪಂಡಿತರ ಕೊರಳಪಟ್ಟಿ ಹಿಡಿದು ಎಳೆಯತೊಡಗಿತು. ಇನ್ನೊಂದು ಕಡೆ ಹೋಳಿಗೆ ಬೇಯುತ್ತಿತ್ತು; ತುಪ್ಪದ ಹೊಗೆಗೆ ಕನ್ನಡಕಗಳೆಲ್ಲ ಮಂಜಾದವು. ಮೀನಿನ ವಿದ್ಯೆಯವರು ಕೂಡ ಎಚ್ಚರಗೊಂಡರು.

ಕೊನೆಯ ವಿಷಯ ಬಂತು. ಪಾಲಿ ವಿಭಾಗ ಮುಚ್ಚುವುದು, ಕೋಣೆಯನ್ನು ಬ್ರ್ಯಾಂಡಿಂಗ್ ಕೇಂದ್ರಕ್ಕೆ ಕೊಡುವುದು. ಅಂಜನಮೂರ್ತಿಯವರು ಓದಿ ಮುಗಿಸಿ ಬಾಟಲಿಗೆ ಕೈ ಹಾಕುವಷ್ಟರಲ್ಲಿ ಯಮುನಾ ಎದ್ದು ನಿಂತರು. ಈ ಸಲ ಮೈಕಿನ ಗುಂಡಿ ಹುಡುಕಲಿಲ್ಲ. ಶಾಲು ಬಂದಾಗಲೇ ಅದು ಎಲ್ಲಿದೆ ಎಂದು ನೋಡಿ ಇಟ್ಟುಕೊಂಡಿದ್ದರು.

"ಸರ್, ಒಂದ್ ತಿದ್ದುಪಡಿ ಇದೆ."

"ಒಂದೇ ನಿಮಿಷ ಮೇಡಂ," ಎಂದು ಕುಲಪತಿಗಳು ದೊಡ್ಡ ಮನಸ್ಸು ಮಾಡಿದರು. ಸಾಯುವವರಿಗೆ ಕೊನೆಯ ಆಸೆ ಕೇಳುವ ಧಾಟಿಯಲ್ಲಿ ತಲೆ ಆಡಿಸಿ, ಫೋನು ತೆಗೆದು ಅಡುಗೆಯವರಿಗೆ ಮಾಡಿದರು.

ಯಮುನಾ ಗಂಟಲು ಸರಿಮಾಡಿಕೊಂಡು, ಅಂಜನಮೂರ್ತಿಯವರು ಓದುವ ಅದೇ ಎಳೆತದಲ್ಲಿ, ನಿಧಾನಕ್ಕೆ ಓದುವವರಂತೆ ಹೇಳಿದರು:

"ಮಾನ್ಯ ಕುಲಪತಿಗಳ ದೂರದೃಷ್ಟಿಯನ್ನು ಸ್ಮರಿಸುತ್ತಾ, ಪಾಲಿ ವಿಭಾಗವನ್ನು ಈಗಿರುವ ಕೋಣೆಯಲ್ಲಿಯೇ ಈಗಿರುವಂತೆಯೇ ಮುಂದುವರಿಸತಕ್ಕದ್ದು, ಬ್ರ್ಯಾಂಡಿಂಗ್ ಕೇಂದ್ರವನ್ನು ಕೈಬಿಡತಕ್ಕದ್ದು ಎಂದು ಮಂಡಿಸುತ್ತೇನೆ."

ಕದ್ದುಮುಚ್ಚಿ ಹೇಳಲಿಲ್ಲ. ಮೈಕು ಇತ್ತು, ಹಾಲು ತುಂಬ ಕೇಳಿಸಿತು. ಹೇಳಿ ನಿಲ್ಲಿಸಿ, ಬಾಟಲಿ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ತಲೆ ಹಿಂದಕ್ಕೆ ಹಾಕಿ, ಗಟಗಟ ನೀರು ಕುಡಿದರು.

ಆವತ್ತು ಕುಟ್ಟಿದ ಸದ್ದಿಗೆ ಹಲಸೂರು ಮೆಟ್ರೋ ಒಂದು ಕ್ಷಣ ನಿಂತು ಹೊರಟಿತೆಂದು ಹೇಳುವವರಿದ್ದಾರೆ. ಕೊನೆಯ ವಿಷಯ, ಮುಂದಿನದು ಊಟ. ಪಂಡಿತರು ಅಂಗೈ ಕೆಂಪಾಗುವ ಹಾಗೆ ಕುಟ್ಟಿದರು. ಕುಲಪತಿಗಳೂ ಕುಟ್ಟಿದರು. ಎಡಗೈಯಲ್ಲಿ ಫೋನು ಹಿಡಿದು, "ಹೋಳಿಗೆ ಬಿಸಿ ಇರ್ಲಿ ಕಣಯ್ಯಾ," ಎನ್ನುತ್ತಾ ಬಲಗೈಯಲ್ಲಿ ಕುಟ್ಟಿದರು.

"ಅಂಗೀಕಾರ," ಎಂದರು ಚಲುವಯ್ಯ. ಹೇಳಿದ ಮೇಲೆ ಅವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಆದರೆ ಕುರ್ಚಿಗಳು ಆಗಲೇ ಹಿಂದೆ ಸರಿದಿದ್ದವು.

ವರಾಂಡದಲ್ಲಿ ಯಮುನಾ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು. ಒಬ್ಬೊಬ್ಬರಾಗಿ ಬಂದು ಸಂತಾಪ ಹೇಳಲು ಶುರುಮಾಡಿದರು.

"ಪಾಪ ಮೇಡಂ. ಒಳ್ಳೇ ಡಿಪಾರ್ಟ್‌ಮೆಂಟು. ಏನ್ ಮಾಡೋದು ಹೇಳಿ, ಸಭೆ ತೀರ್ಮಾನ."

"ನನ್ ಮನಸ್ಸು ಒಪ್ಲಿಲ್ಲ ಮೇಡಂ. ಎಲ್ರೂ ಕುಟ್ಟಿದ್ರು, ನಾನೂ ಕುಟ್ದೆ. ಬೇಜಾರ್ ಮಾಡ್ಕೋಬೇಡಿ."

"ಬ್ರ್ಯಾಂಡಿಂಗ್‌ನಲ್ಲಿ ನಿಮ್ಗೂ ಒಂದ್ ಕುರ್ಚಿ ಕೊಡ್ತಾರೆ ಬಿಡಿ."

ಯಮುನಾ ಬಾಯಿ ಬಿಡಲಿಲ್ಲ. ಬಿಟ್ಟರೆ ನಗು ಬರುತ್ತಿತ್ತು. ನಗು ಬಂದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಸಾವಿನ ಮನೆಯ ಸೊಸೆಯ ಹಾಗೆ ತಲೆ ಬಗ್ಗಿಸಿಕೊಂಡು ಎರಡನೇ ಹೋಳಿಗೆ ಹಾಕಿಸಿಕೊಂಡರು. ಪಕ್ಕದಲ್ಲಿ ಇನಾಯತ್ ಉಲ್ಲಾ ಕರ್ಚೀಫು ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನೋಡಿದವರು ಪಾಪ, ಎಷ್ಟು ನೊಂದುಕೊಂಡಿದ್ದಾರೆ ಎಂದುಕೊಂಡರು.

ಅಷ್ಟರಲ್ಲಿ ಚಲುವಯ್ಯ ಕುಲಪತಿಗಳ ಕಿವಿಯಲ್ಲಿ ಏನೋ ಹೇಳಿದ್ದು ಕಾಣಿಸಿತು. ಅಂಜನಮೂರ್ತಿಯವರ ಮುಖ ಹೋಳಿಗೆಯ ಬಣ್ಣದಿಂದ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ತಟ್ಟೆ ಸಮೇತ ಇತ್ತ ನುಗ್ಗಿದರು.

"ಏನ್ರೀ ಇದು ಮೋಸ?"

"ಮೋಸ ಏನ್ ಸರ್? ಮೈಕಲ್ಲಿ ಹೇಳ್ದೆ. ಸಭೆ ಒಪ್ತು."

"ಸಭೆ ಒಪ್ಲಿಲ್ಲ! ಯಾರೂ ಕೇಳಿಸ್ಕೊಂಡೇ ಇಲ್ಲ!"

"ತಾವೂ ಕುಟ್ಟಿದ್ರಿ ಸರ್," ಎಂದರು ಚಲುವಯ್ಯ, ನೆಲ ನೋಡುತ್ತಾ.

"ನಾನು ಹೋಳಿಗೆಗೆ ಕುಟ್ಟಿದ್ದು ಕಣ್ರೀ! ನಡೀರಿ, ಎಲ್ರನ್ನೂ ಒಳಗೆ ಕರೀರಿ. ಕೇಳಿಸ್ಕೊಳ್ದೆ ಕುಟ್ಟಿದ್ದು, ಲೆಕ್ಕಕ್ಕಿಲ್ಲ, ರದ್ದು ಅಂತ ಹೇಳ್ತೀನಿ."

ಯಮುನಾ ಅವರಿಗೆ ಸುಗತನ ಮುಖ ನೆನಪಾಯಿತು. ಅರ್ಧ ತಿಳಿದು ಅರ್ಧ ತಿಳಿಯದ ಸುತ್ತ ನೆನಪಾಯಿತು. ಕುಲಪತಿಗಳತ್ತ ನೇರ ತಿರುಗಿದರು.

"ಆಗ್ಲಿ ಸರ್, ಕರೀರಿ. ನಾನೇ ಮೈಕಲ್ಲಿ ಹೇಳ್ತೀನಿ. ಬೆಳಿಗ್ಗೆಯಿಂದ ಯಾರೂ ಏನೂ ಕೇಳಿಸ್ಕೊಂಡಿಲ್ಲ, ಎಲ್ಲಾ ರದ್ದು ಮಾಡಿ ಅಂತ. ನೀರಿನ ಟ್ಯಾಂಕು ರದ್ದು. ಅಮರಪ್ಪನೋರ ಅಣಬೆ ರದ್ದು. ತಮ್ಮ ಎಕ್ಸ್‌ಟೆನ್ಷನ್ನೂ ಹಂಗೇ ಕುಟ್ಟಿದ್ದು ಅಲ್ವಾ ಸರ್?"

"ಎರಡೆರಡು ಸಲ," ಎಂದರು ಇನಾಯತ್ ಉಲ್ಲಾ, ಕರ್ಚೀಫಿನ ಒಳಗಿಂದ. "ಒಂದು ಸಲದ್ದು ಎಕ್ಸ್‌ಟ್ರಾ ಇದೆ ಸಾಹೇಬ್ರೆ, ಬೇಕಿದ್ರೆ ಅದು ಬಿಟ್ಕೊಡಿ."

ಅಂಜನಮೂರ್ತಿಯವರ ಕೈಯಲ್ಲಿದ್ದ ಹೋಳಿಗೆ ಚೂರು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ. ಸುತ್ತ ನಾಲ್ಕೈದು ಜನ ಸದಸ್ಯರು ಅಗಿಯುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದರು. ಇಡೀ ದಿನದಲ್ಲಿ ಅವರು ಏನನ್ನಾದರೂ ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಕುಲಪತಿಗಳು ಬೆನ್ನು ನೆಟ್ಟಗೆ ಮಾಡಿಕೊಂಡರು. ಬದನೆಕಾಯಿ ಬಣ್ಣದ ಮೇಲೇ ಒಂದು ನಗು ಎಳೆದುಕೊಂಡರು. "ಸಭೆ," ಎಂದರು, ಎಲ್ಲರಿಗೂ ಕೇಳಿಸುವ ಹಾಗೆ, "ಪ್ರತಿಯೊಂದು ವಿಷಯಾನೂ ಕೂಲಂಕಷವಾಗಿ ಚರ್ಚೆ ಮಾಡಿ ತೀರ್ಮಾನ ಮಾಡಿದೆ. ಸಭೆ ಮುಗೀತು. ಊಟ ಮಾಡಿ."

ಯಮುನಾ ತಟ್ಟೆ ಇಟ್ಟು, ಕೈ ತೊಳೆದು, ಓಡುವುದಕ್ಕೆ ಸ್ವಲ್ಪ ಕಡಿಮೆ ಎನ್ನುವ ಹಾಗೆ ಹಿಂದಿನ ಅಂಗಳಕ್ಕೆ ಹೋದರು. ಅಲ್ಲಿ ನೋಡಿದರೆ, ಕುಲಪತಿಗಳ ದೂರದೃಷ್ಟಿ ನಿಜಕ್ಕೂ ದೂರದ್ದು: ಸಭೆ ಮುಗಿಯುವುದಕ್ಕೆ ಮುಂಚೆಯೇ ಸಾಮಾನು ಸಾಗಿಸುವವರು ಬಂದಿದ್ದರು. ಎರಡು ಬೆಂಚು ಅಂಗಳದಲ್ಲಿದ್ದವು, ಬುದ್ಧನ ಪಟ ಬೇವಿನ ಮರಕ್ಕೆ ಒರಗಿಕೊಂಡು ಬಿಸಿಲು ಕಾಯಿಸುತ್ತಿತ್ತು. ಗಾಡಿಯ ಮೇಸ್ತ್ರಿ ಅಕ್ತರ್ ಮೂರನೇ ಬೆಂಚನ್ನು ಬಾಗಿಲಲ್ಲಿ ಅಡ್ಡ ಸಿಕ್ಕಿಸಿಕೊಂಡು ಬೆವರುತ್ತಿದ್ದ.

"ವಾಪಸ್ ಇಡಿ," ಎಂದರು ಯಮುನಾ. "ಎಲ್ಲಾ ಒಳಗೆ."

"ಕ್ಯಾ ಮೇಡಂ! ಈಗ ತಾನೇ ಆಚೆ ತೆಗ್ದಿದೀವಿ. ಸಾಹೇಬ್ರು ಆಚೆ ಅಂದ್ರು, ನೀವು ಒಳಗೆ ಅಂತೀರಿ. ಯಾರ್ ಮಾತು ಕೇಳ್ಲಿ?"

"ಸೆನೆಟ್ ಮಾತು ಕೇಳಿ. ಸೆನೆಟ್ ಒಳಗೆ ಅಂತ ಹೇಳಿದೆ."

"ಅವ್ರು ಯಾರು? ಎಲ್ಲಿದಾರೆ? ಒಂದ್ ಮಾತು ಅವ್ರನ್ನೇ ಕೇಳ್ಬಿಡ್ತೀನಿ."

"ಊಟ ಮಾಡ್ತಿದಾರೆ," ಎಂದು ಯಮುನಾ ಸೆರಗು ಸಿಕ್ಕಿಸಿಕೊಂಡು, ಬೆಂಚಿನ ಇನ್ನೊಂದು ತುದಿ ಹಿಡಿದರು. "ಸ್ವಲ್ಪ ಎತ್ತಿ. ಸಂಜೆ ಕ್ಲಾಸಿದೆ."