ಮಗ್ಗದ ಶೆಡ್ಡಿಗೆ ಬಂದ ವೀರ

ಕಂಪ್ಯೂಟರ್ ಗೇಮಿಗೆ ನಾನು ಬಿಡಿಸಿದಂಥ ವೀರನನ್ನು ಮೂರು ಲೋಕದಲ್ಲಿ ಯಾರೂ ಬಿಡಿಸಿಲ್ಲ. ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಕಾದಾಡುವ ಅವನಿಗೆ ಕೃಷ್ಣಾ ನದಿಯಷ್ಟು ಉದ್ದದ ನಿಲುವಂಗಿ ತೊಡಿಸಿದ್ದೆ. ಸಂಜೆ ಆರರೊಳಗೆ ಗೇಮನ್ನು ಸ್ಪರ್ಧೆಗೆ ಕಳಿಸಬೇಕಿತ್ತು. ನಲವತ್ತು ವರ್ಷ ಮಗ್ಗ ನಡೆಸಿದ ಅವ್ವ ಶಿವವ್ವ ಅವನನ್ನು ನೋಡಿ ನಕ್ಕಳು.

"ಲೇ ಪ್ರಭು, ಎರಡ ಹೆಜ್ಜಿ ಇಡೂದ್ರಾಗ ಇವನ ಅಂಗಿ ಮಗ್ಗದ ಬೆಲ್ಟಿಗೆ ಸಿಗತೈತಿ. ಮ್ಯಾಲ ಪಿಸುಗುಡತಾನ! ಆ ಗದ್ದಲದಾಗ ಯಾರಿಗೆ ಕೇಳತೈತಿ?"

"ಅವ ವೀರ ಅದಾನ ಬೇ!"

"ವೀರ ಅಂತ ಬೆಲ್ಟು ಬಿಡತೈತೇನು?"

ಛಲ ಬಂತು. ನಿಲುವಂಗಿ ಕಿತ್ತೆಸೆದೆ. ವೀರನ ನಡುವಿಗೆ ಟವೆಲ್ ಬಿಗಿದೆ, ಕಿವಿಗೆ ಹತ್ತಿ ತುರುಕಿದೆ, ಮಾತನ್ನೆಲ್ಲ ಕೈಸನ್ನೆ ಮಾಡಿದೆ. ಐದೂವರೆಗೆ ಅವ್ವನೇ ಗೇಮ್ ಆಡಿದಳು. ವೀರ ಮಗ್ಗಗಳ ನಡುವೆ ನುಸುಳಿ ಪಾರಾದ. ಶೆಡ್ಡಿನಲ್ಲಿ ಮಗ್ಗ ಚಾಲೂ ಮಾಡೆಂದು ಸನ್ನೆ ಮಾಡುವಾಗ ಎತ್ತುವಂತೆಯೇ ಅವ್ವ ಕೈ ಎತ್ತಿದಳು.

ಕಳಿಸಿಬಿಟ್ಟೆ. ಗೆಲ್ಲುವವನು ನಾನೇ, ತೀರ್ಪುಗಾರರಿಗೆ ಮಾತ್ರ ಇನ್ನೂ ಗೊತ್ತಿಲ್ಲ.