ಕುಲುಮೆಗೋ, ಪಿಂಚಣಿಗೋ

ಸೀಸೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಣ್ಣಕ್ಕ ಎಂದೇ ಕರೆಯುತ್ತಿದ್ದರು. ಬೆಳಕಿನ ಹಲಗೆಯ ಮುಂದೆ ಕೂತು, ಸಾಲಾಗಿ ಸರಿದುಹೋಗುವ ಸೀಸೆಗಳಲ್ಲಿ ಬಿರುಕು, ಗುಳ್ಳೆ ಹುಡುಕಿ ಪಕ್ಕಕ್ಕಿಡುವುದು ಅವಳ ಕೆಲಸ. ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತಿತ್ತು. ಮನೆಗೆ ಬಂದು ರೆಪ್ಪೆ ಮುಚ್ಚಿದರೂ ಸೀಸೆಗಳು ಸರಿಯುತ್ತಲೇ ಇರುತ್ತಿದ್ದವು.

ಕಾರ್ಖಾನೆಯ ಪಿಂಚಣಿ ನಿಧಿಗೆ ಅವಳು ಟ್ರಸ್ಟಿಯಾದದ್ದು ಆಸೆಪಟ್ಟಲ್ಲ. ಆ ಮಂಡಳಿಯಲ್ಲಿ ಕಂಪನಿಯವರು ಇಬ್ಬರು, ಕೆಲಸಗಾರರ ಕಡೆಯವರು ಇಬ್ಬರು, ಮೇಲೆ ಅಧ್ಯಕ್ಷರಾಗಿ ಹೊರಗಿನ ಒಬ್ಬ ವಕೀಲರು. ಕೆಲಸಗಾರರ ಒಂದು ಜಾಗ ಖಾಲಿಯಾದಾಗ ಯಾರೂ ಮುಂದೆ ಬರಲಿಲ್ಲ. ತಪ್ಪು ಹುಡುಕುವುದು ನಿನಗೆ ಹೇಗೂ ಅಭ್ಯಾಸ ಎಂದು ನಗಾಡುತ್ತ ಜೊತೆಯವರು ಅವಳ ಹೆಸರು ಬರೆದುಬಿಟ್ಟರು.

ಒಪ್ಪಂದ ಕೇಳುವುದಕ್ಕೆ ಸರಳವಾಗಿತ್ತು. ನಿವೃತ್ತರಾದವರಿಗೆ ಬದುಕಿರುವವರೆಗೂ ತಿಂಗಳಿಗೆ ಇಷ್ಟು ಎಂದು ಕಂಪನಿ ಮಾತು ಕೊಟ್ಟಿತ್ತು. ಆ ಮಾತು ಉಳಿಯುವಷ್ಟು ಹಣ ನಿಧಿಯಲ್ಲಿರಬೇಕು, ಇಲ್ಲದಿದ್ದರೆ ಕಂಪನಿ ತುಂಬಿಕೊಡಬೇಕು. ತುಂಬುತ್ತದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಸರ್ಕಾರದ ನಿಯಂತ್ರಣ ಕಚೇರಿಯಿತ್ತು. ಮೂರು ವರ್ಷಕ್ಕೊಮ್ಮೆ ಒಬ್ಬ ಲೆಕ್ಕತಜ್ಞ ಬಂದು, ಹೂಡಿದ ಹಣ ಎಷ್ಟು ಬೆಳೆಯಬಹುದು, ಜನ ಎಷ್ಟು ಕಾಲ ಬದುಕಬಹುದು ಎಂದು ಅಂದಾಜು ಹಾಕುತ್ತಿದ್ದ. ಆ ಸಲ ಅವನು ಗಂಟಲು ಸರಿಮಾಡಿಕೊಂಡು, ಬೇಕಾದುದರಲ್ಲಿ ಕಾಲು ಭಾಗ ಕೊರತೆಯಿದೆ ಎಂದ. ನಿವೃತ್ತರು ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲ ಬದುಕುತ್ತಿದ್ದಾರಂತೆ.

ಇದನ್ನು ಅಕ್ಕನ ಮನೆಯಲ್ಲಿ ಹೇಳಿದಾಗ ಅವಳ ಭಾವ ನಕ್ಕರು. ಆ ನಗು ಹಾಗೇ ಕೆಮ್ಮಿಗೆ ತಿರುಗಿತು. ಕುಲುಮೆಯ ಮುಂದೆ ಆಯುಸ್ಸೆಲ್ಲ ಕಳೆದು ನಿವೃತ್ತರಾದವರು ಅವರು.

"ನನ್ನಿಂದ ಜಾಸ್ತಿ ತಡ ಆಗಲ್ಲ ಅಂತ ಅವನಿಗೆ ಹೇಳಮ್ಮ," ಎಂದರು.

ಅಕ್ಕ ಗಂಡನನ್ನು ದುರುಗುಟ್ಟಿ ನೋಡಿ ನೀರು ತಂದುಕೊಟ್ಟಳು. ಮೂಲೆಯಲ್ಲಿ ಊಟಕ್ಕೆ ಕೂತಿದ್ದ ತಮ್ಮ ನಗಲಿಲ್ಲ. ಭಾವ ಬಿಟ್ಟ ಅದೇ ಕುಲುಮೆಯಲ್ಲಿ ಈಗ ಅವನ ಪಾಳಿ.

ಕುಲುಮೆಗೆ ವಯಸ್ಸಾಗಿತ್ತು. ಒಳಗಿನ ಇಟ್ಟಿಗೆ ಸವೆದು, ತೇಪೆಯ ಮೇಲೆ ತೇಪೆ ಬಿದ್ದಿತ್ತು. ಗೋದಾಮಿನ ಜಾಗವನ್ನು ಬ್ಯಾಂಕಿಗೆ ಒತ್ತೆಯಿಟ್ಟು, ಸಾಲ ತಂದು ಹೊಸದು ಕಟ್ಟುವ ಯೋಚನೆ ಕಂಪನಿಯದು. ನಿಧಿಯ ಕೊರತೆಯನ್ನು ಹದಿನೈದು ವರ್ಷಗಳಲ್ಲಿ ನಿಧಾನವಾಗಿ ತುಂಬುತ್ತೇವೆ ಎಂದರು ಕಂಪನಿಯವರು. ನಿಯಂತ್ರಣ ಕಚೇರಿಯಿಂದ ಬಂದಿದ್ದ ಅಧಿಕಾರಿ, ನೆಗಡಿಯಿಂದ ಮೂಗು ಕೆಂಪಾಗಿದ್ದ ಹೆಂಗಸು, ಅಷ್ಟು ದೀರ್ಘ ಗಡುವು ಬೇಕಾದರೆ ಆ ಜಾಗ ನಿಧಿಗೇ ಒತ್ತೆಯಾಗಬೇಕು ಎಂದರು. ಜಾಗ ಒಂದೇ, ಕೈಚಾಚಿದವರು ಇಬ್ಬರು. ಯಾರಿಗೆ ಎಂಬ ತೀರ್ಮಾನ ಟ್ರಸ್ಟಿಗಳ ಮೇಲೆ ಬಿತ್ತು.

"ಕಂಪನಿ ಉಳೀಬೇಕು ಅನ್ನೋ ಆಸೆ ನಮಗೂ ಇದೆ," ಎಂದರು ಆಕೆ. "ಆದ್ರೆ ಉಳೀದೆ ಹೋದ್ರೆ ಈ ವಯಸ್ಸಾದವರು ಯಾರ ಬಾಗಿಲಿಗೆ ಹೋಗಬೇಕು, ಹೇಳಿ?"

ವಿಷಯ ಕಾರ್ಖಾನೆಯಲ್ಲೆಲ್ಲ ಹಬ್ಬಿತು. ಕಣ್ಣಕ್ಕ ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಗೇಟಿನ ಹೊರಗೆ ನಿವೃತ್ತರು ಕೈ ಹಿಡಿದು ನಿಲ್ಲಿಸಿ, ನಮ್ಮನ್ನು ನಡುನೀರಿನಲ್ಲಿ ಕೈಬಿಡಬೇಡ ಎನ್ನುತ್ತಿದ್ದರು. ಅತ್ತ ದರಿ, ಇತ್ತ ಪುಲಿ. ಅಕ್ಕನ ಮನೆಯಲ್ಲಾದರೂ ನೆಮ್ಮದಿಯಿತ್ತೇ?

"ಕುಲುಮೆ ಇದ್ರೆ ತಾನೇ ಕಂಪನಿ?" ಎಂದು ತಮ್ಮ ಕೇಳಿದ. "ಕಂಪನಿ ಇದ್ರೆ ತಾನೇ ಪಿಂಚಣಿ? ಬೇರಿಗೆ ನೀರು ಹಾಕದೆ ಎಲೆ ಒರೆಸ್ತಾ ಕೂತ್ರೆ ಗಿಡ ಉಳಿಯುತ್ತಾ ಅಕ್ಕ?"

ಅವಳಿಗೆ ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ.

ಅವನು ಎದ್ದುಹೋದ ಮೇಲೆ ಅಕ್ಕ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆಯೇ ಅಂದಳು: "ನಿಮ್ಮ ಭಾವನ ಮುಖ ನೋಡಿ ಏನೂ ಮಾಡಬೇಡ." ಒಂದು ತಟ್ಟೆ ತೊಳೆದು ಕವುಚಿಟ್ಟಳು. "ಆದ್ರೆ ಅವರು ಹೋದ್ಮೇಲೆ ನನಗೆ ಬರೋದು ಅದರಲ್ಲಿ ಅರ್ಧ ಕಣೇ. ಅದೂ ಇಲ್ದೆ ಹೋದ್ರೆ..." ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಸಭೆಗೆ ಮುಂಚೆ ಕಣ್ಣಕ್ಕ ವಕೀಲರ ಬಳಿ ಹೋಗಿ, ತನ್ನ ಮನೆಯಲ್ಲೇ ಎರಡೂ ಕಡೆಯವರಿದ್ದಾರೆ, ತನ್ನನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡಳು. ಅವರು ಕನ್ನಡಕ ತೆಗೆದು ಒರೆಸಿದರು. ಎರಡೂ ಕಡೆಯವರು ಎಲ್ಲರ ಮನೆಯಲ್ಲೂ ಇದ್ದಾರೆ, ನಿಮ್ಮನ್ನು ಬಿಟ್ಟರೆ ಅಂಥವರು ಇಲ್ಲದ ಮನೆಯಿಂದ ಯಾರನ್ನು ತರಲಿ ಎಂದರು. ಅವಳಿಗೆ ಜಗಳಾಡಲು ತ್ರಾಣವಿರಲಿಲ್ಲ.

ಕಂಪನಿಯ ಇಬ್ಬರೂ ಸಾಲದ ಪರವಾಗಿ ನಿಂತರು. ವಕೀಲರೂ ಕೆಲಸಗಾರರ ಇನ್ನೊಬ್ಬ ಟ್ರಸ್ಟಿಯೂ ಜಾಗ ನಿಧಿಗೆ ಸೇರಲಿ ಎಂದರು. ಉಳಿದವಳು ಅವಳು. ತಮ್ಮ ಗಟ್ಟಿಮುಟ್ಟಾಗಿದ್ದಾನೆ, ಹೇಗೋ ಇನ್ನೊಂದು ಕೆಲಸ ಹುಡುಕಿಯಾನು. ಭಾವನಂಥವರು ಎಲ್ಲಿ ಹುಡುಕಬೇಕು? ಅವಳ ತಲೆಯಲ್ಲಿ ಇದ್ದದ್ದು ಇಷ್ಟೇ. ಇದು ಸರಿಯೆಂಬ ಧೈರ್ಯವೇನೂ ಇಲ್ಲದೆಯೇ, ಜಾಗ ನಿಧಿಗೆ ಎಂದು ಕೈ ಎತ್ತಿದಳು.

ಬ್ಯಾಂಕು ಸಾಲ ಕೊಡಲಿಲ್ಲ. ಹಳೆಯ ಕುಲುಮೆ ಕುಂಟುತ್ತ ಒಂದು ವರ್ಷ ದೂಡಿತು. ಮರುವರ್ಷದ ಚಳಿಗಾಲದಲ್ಲಿ, ತಮ್ಮನ ಪಾಳಿಯಲ್ಲೇ, ತಳದ ಇಟ್ಟಿಗೆ ಬಿಟ್ಟುಕೊಂಡು ಕರಗಿದ ಗಾಜು ನೆಲಕ್ಕೆ ಹರಿಯಿತು. ಎಲ್ಲರೂ ಓಡಿ ಹೊರಗೆ ಬಂದರು, ಯಾರಿಗೂ ಸುಟ್ಟಗಾಯವಾಗಲಿಲ್ಲ. ಆದರೆ ಆರಿದ ಕುಲುಮೆಯೊಳಗೆ ಗಾಜು ಕಲ್ಲಾಗಿ ಕೂತರೆ ಮತ್ತೆ ಹೊತ್ತಿಸುವ ಮಾತೇ ಇಲ್ಲ. ಸೀಸೆ ಕೊಳ್ಳುತ್ತಿದ್ದ ಮಳಿಗೆಗಳು ಬೇರೆ ಕಡೆಯಿಂದ ತರಿಸಿಕೊಳ್ಳತೊಡಗಿದವು. ಕಂಪನಿ ಬಾಗಿಲು ಹಾಕಿತು.

ಗೋದಾಮಿನ ಜಾಗ ಮಾರಿ ಬಂದದ್ದು ನಿಧಿಗೆ ಸೇರಿತು. ನಿವೃತ್ತರಾಗಿದ್ದವರ ಪಿಂಚಣಿ ಒಂದು ತಿಂಗಳೂ ತಪ್ಪಲಿಲ್ಲ. ಇನ್ನೂ ನಿವೃತ್ತರಾಗದವರಿಗೆ ಮುಂದೆ ಸಿಗಬೇಕಾದದ್ದರಲ್ಲಿ ಸ್ವಲ್ಪ ಕಡಿತವಾಯಿತು. ಆ ಕಡಿತ ಕಣ್ಣಕ್ಕನಿಗೂ ತಟ್ಟಿತು. ಬೀದಿಯಲ್ಲಿ ಕೆಲವರು ಅವಳಿಗೆ ಕೈಮುಗಿದರು, ಕೆಲವರು ಮುಖ ತಿರುಗಿಸಿಕೊಂಡು ಹೋದರು. ಸಾಲ ಸಿಕ್ಕಿದ್ದರೆ ಕಾರ್ಖಾನೆ ಉಳಿಯುತ್ತಿತ್ತು ಎಂದು ತಮ್ಮನ ಪಾಳಿಯವರು ಆಣೆಯಿಟ್ಟು ಹೇಳುತ್ತಿದ್ದರು. ಸಾಲದ ಜೊತೆ ಜಾಗವೂ ಮುಳುಗುತ್ತಿತ್ತು ಎಂದು ವಕೀಲರ ಲೆಕ್ಕ. ಅವಳು ಎರಡನ್ನೂ ಕೇಳಿಸಿಕೊಂಡಳು, ಯಾವುದನ್ನೂ ಪೂರ್ತಿ ನಂಬಲಿಲ್ಲ.

ತಮ್ಮ ಸಾಮಾನು ಸಾಗಿಸುವ ವ್ಯಾನು ಓಡಿಸತೊಡಗಿದ. ಅವಳೊಡನೆ ಮಾತು ಬಿಟ್ಟ. ಅಕ್ಕನ ಮನೆಗೆ ಬಂದರೆ, ಇವಳಿದ್ದಾಳೋ ಎಂದು ಬಾಗಿಲಲ್ಲೇ ಕೇಳಿ, ಇದ್ದರೆ ತಿರುಗಿ ಹೋಗುತ್ತಿದ್ದ. ಅಷ್ಟರಲ್ಲಿ ಭಾವ ತೀರಿಕೊಂಡರು. ಅಕ್ಕನ ಕೈಗೆ ಅರ್ಧ ಪಿಂಚಣಿ ಬರತೊಡಗಿತು. ಬಾಡಿಗೆಗೂ ಊಟಕ್ಕೂ ಬಿಗಿಯಾಗಿ ಸಾಲುತ್ತಿತ್ತು.

ಒಂದು ಭಾನುವಾರ ಅಕ್ಕನ ಅಡುಗೆಮನೆಯ ಕೊಳವೆ ಸೋರುತ್ತಿದೆಯೆಂದು ತಮ್ಮ ಬಂದ. ಕಣ್ಣಕ್ಕ ಅಲ್ಲೇ ಇದ್ದಳು. ಈ ಸಲ ಅವನು ತಿರುಗಿ ಹೋಗಲಿಲ್ಲ. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗೆ ಅಂಗಾತ ಮಲಗಿ ಪಾನಾದಿಂದ ಕೊಳವೆ ಬಿಗಿಮಾಡುತ್ತ, ಮುಖ ತೋರಿಸದೆಯೇ ಕೇಳಿದ: "ನನ್ನ ಪಿಂಚಣಿ ಎಷ್ಟನೇ ವಯಸ್ಸಿಗೆ ಶುರುವಾಗುತ್ತೆ?"

ಅವಳು ಹೇಳಿದಳು.

"ಪೂರ್ತಿ ಬರುತ್ತಾ?"

"ಪೂರ್ತಿ ಬರಲ್ಲ ಕಣೋ. ಹತ್ತರಲ್ಲಿ ಒಂದು ಪಾಲು ಕಮ್ಮಿ. ಆದ್ರೆ ಬರುತ್ತೆ."

ಅವನು ಪಾನಾವನ್ನು ಇನ್ನೆರಡು ಸುತ್ತು ತಿರುಗಿಸಿದ. ಆಮೇಲೆ ತೊಟ್ಟಿಯ ಕೆಳಗಿನಿಂದ ಒದ್ದೆ ಕೈ ಹೊರಗೆ ಚಾಚಿ, ಒರೆಸುವುದಕ್ಕೆ ಒಂದು ಬಟ್ಟೆ ಕೊಡು ಅಕ್ಕ ಎಂದ. ಅವಳು ಕೊಟ್ಟಳು.