ಖಾಲಿ ಮನೆಯನ್ನು ಕರೆಯುವವಳು

ಪರದೆ ಹೊಲಿಯುವ ಅಂಗಡಿಯ ಪರವಾಗಿ ಮನೆಮನೆಗೆ ಹೋಗಿ ಕಿಟಕಿಗಳ ಅಳತೆ ತೆಗೆಯುವ ಕೆಲಸ ಅವಳದು. ಆಗಷ್ಟೇ ಕಟ್ಟಿ ಮುಗಿಸಿದ ಮನೆ, ಬಾಡಿಗೆಗೆ ಬಣ್ಣ ಬಳಿದು ಸಜ್ಜಾದ ಮನೆ, ಮೇಜು ಕುರ್ಚಿ ಇನ್ನೂ ಬಾರದ ಆಫೀಸು, ಅವಳು ಕಾಲಿಡುವ ಹೊತ್ತಿಗೆ ಎಲ್ಲವೂ ಖಾಲಿ. ಪಕ್ಕದ ಮನೆಯಲ್ಲಿಟ್ಟಿರುವ ಬೀಗದ ಕೈ ಪಡೆದು, ಬಾಗಿಲು ತೆಗೆದು, ಟೇಪು ಬಿಚ್ಚುವ ಮೊದಲು ಕೋಣೆಯ ನಡುವೆ ನಿಂತು ಅವಳು ಒಂದು ಚಪ್ಪಾಳೆ ತಟ್ಟುತ್ತಾಳೆ. ಆಮೇಲೆ "ಓ..." ಎನ್ನುತ್ತಾಳೆ. ಮರಳಿ ಬರುವ ಸದ್ದನ್ನು ಕಣ್ಣು ಮುಚ್ಚಿ ಕೇಳುತ್ತಾಳೆ.

ಹೀಗೇಕೆ ಎಂದರೆ, ಕೇಳಲು ಚೆನ್ನಾಗಿರುತ್ತದೆ, ಅಷ್ಟೆ. ಬಚ್ಚಲುಮನೆ ಚುರುಕು, ನಾವು ಮುಗಿಸುವ ಮೊದಲೇ ತಿರುಗಿ ಹೇಳಿಬಿಡುತ್ತದೆ. ಉದ್ದನೆಯ ಪಡಸಾಲೆ ಸ್ವಲ್ಪ ಯೋಚಿಸಿ ಹೇಳುತ್ತದೆ. ಮಹಡಿ ಇರುವ ಕಡೆ ಸದ್ದು ಮೆಟ್ಟಿಲು ಹತ್ತಿ, ಮೇಲೊಂದು ಸುತ್ತು ಹಾಕಿ ಇಳಿದು ಬರುತ್ತದೆ. ಪರದೆ ತೂಗಿ, ಹಾಸಿಗೆ ಸೋಫಾ ಬಂತೆಂದರೆ ಅದೇ ಮನೆಯ ಬಾಯಿ ಬಂದ್. ಆ ಬಾಯಿ ಮುಚ್ಚಿಸುವ ಕೆಲಸಕ್ಕೇ ತನಗೆ ಸಂಬಳ ಎಂದು ನೆನೆದು ಅವಳು ಒಮ್ಮೊಮ್ಮೆ ಒಬ್ಬಳೇ ನಗುವುದಿತ್ತು.

ಆದರೆ ಇದನ್ನು ಬೇರೆಯವರಿಗೆ ಹೇಳುವುದು ಹೇಗೆ? ಮದುವೆಯಾದ ಹೊಸತರಲ್ಲಿ ಗಂಡನ ಹತ್ತಿರ ಹೇಳಿದ್ದಳು. ಲಾರಿ ರಿಪೇರಿ ಮಾಡುವ ಅವನು ಒಳ್ಳೆಯ ಮನುಷ್ಯ. ಚಪ್ಪಾಳೆ ತಟ್ಟುವುದು ಇಲಿ ಓಡಿಸಲಿಕ್ಕಾ ಎಂದು ಕೇಳಿದ, ತಮಾಷೆಗಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ. ಆ ವಿಷಯ ಅಲ್ಲಿಗೇ ನಿಂತಿತು. ಮುಂದೆ ಒಮ್ಮೆ, ಅವರಿದ್ದ ಕಟ್ಟಡದ ಹೆಂಗಸರೆಲ್ಲ ಸೇರಿದಾಗ ಒಬ್ಬೊಬ್ಬರೂ ತಮ್ಮ ಹವ್ಯಾಸ ಹೇಳಬೇಕಾಗಿ ಬಂತು. ಒಬ್ಬಳು ಕಸೂತಿ ಎಂದಳು, ಇನ್ನೊಬ್ಬಳು ಈಜು ಎಂದಳು. ಇವಳು ತಡವರಿಸಿ "ಪ್ರತಿಧ್ವನಿ" ಎಂದುಬಿಟ್ಟಳು. ವಿಜ್ಞಾನದ ಪಾಠದಿಂದ ಎದ್ದು ಬಂದಂತಿದ್ದ ಆ ಪದಕ್ಕೆ ಎಲ್ಲರೂ ತಲೆಯಾಡಿಸಿ ಮುಂದಿನವಳತ್ತ ತಿರುಗಿದರು. ಮೂರನೇ ಮಹಡಿಯ ದಂತವೈದ್ಯೆ ಮಾತ್ರ ಅದು ಯಾವ ಚಾನೆಲ್ಲಿನಲ್ಲಿ ಬರುತ್ತದೆಂದು ವಿಚಾರಿಸಿದಳು. ಮನೆಗೆ ಬಂದು ಇವಳು "ಮಾರ್ದನಿ" ಎಂದು ಹೇಳಿ ನೋಡಿಕೊಂಡಳು. ಕೇಳಲು ಸೊಗಸಾಗಿತ್ತು, ಆದರೆ ಸುಣ್ಣ ಸಿಮೆಂಟಿನ ವಾಸನೆಯ ನಡುವೆ ನಿಂತು ಆಡುವ ಮಾತಾಗಿರಲಿಲ್ಲ.

ಅತ್ತೆ ಅವರ ಜೊತೆಗೇ ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಅತ್ತೆ ಸೊಸೆಯ ನಡುವೆ ಜಗಳವಿರಲಿಲ್ಲ, ಹಾಗೆಂದು ಮಾತೂ ಹೆಚ್ಚಿರಲಿಲ್ಲ. ಮಾತ್ರೆ, ಹಾಲು, ಒಣಗಿದ ಬಟ್ಟೆ, ಇಷ್ಟರಲ್ಲೇ ದಿನ ಕಳೆಯುತ್ತಿತ್ತು.

ಒಂದು ದಿನ ಅವರ ಮನೆಗೇ ಬಣ್ಣ ಬಳಿಯುವವರು ಬಂದರು. ವಾಸನೆಗೆ ಅತ್ತೆಗೆ ಕೆಮ್ಮು ಹತ್ತಿತು. ಸೊಸೆ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಕೆಲಸಕ್ಕೇ ಕರೆದೊಯ್ದಳು. ಅಳತೆಯ ಮನೆಯ ಅಡುಗೆಕೋಣೆಯಲ್ಲಿ ಒಂದು ಡಬ್ಬವನ್ನು ಬೋರಲು ಹಾಕಿ ಅವರನ್ನು ಕೂರಿಸಿ, ಹಾಲ್‌ಗೆ ಬಂದು, ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ "ಓ..." ಎಂದಳು.

ಹಾಲ್ "ಓ" ಎಂದಿತು. ಅದರ ಬೆನ್ನಿಗೇ ಅಡುಗೆಕೋಣೆಯಿಂದ, "ಓ, ಬಂದೆ."

ನೋಡಿದರೆ ಅತ್ತೆ ಮಂಡಿ ಹಿಡಿದುಕೊಂಡು ಏಳುತ್ತಿದ್ದಾರೆ. ಅವಳು ಓಡಿಹೋಗಿ ಅವರನ್ನು ಮತ್ತೆ ಕೂರಿಸಿದಳು.

"ನಿಮ್ಮನ್ನ ಕರೀಲಿಲ್ಲ ಅತ್ತೆ."

"ಮತ್ತೆ ಯಾರನ್ನ ಕರೆದೆ? ಇಲ್ಲಿ ಇನ್ಯಾರಿದ್ದಾರೆ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬಚ್ಚಲುಮನೆಯ ಚುರುಕಿನಿಂದ ಮಹಡಿಯ ಸುತ್ತಿನವರೆಗೆ ಎಲ್ಲವನ್ನೂ ನೆಲ ನೋಡುತ್ತಾ ಹೇಳಿದಳು. ಇದಕ್ಕೆ ಏನನ್ನಬೇಕೋ ತನಗೇ ಗೊತ್ತಿಲ್ಲ ಎಂದೂ ಸೇರಿಸಿದಳು.

ಅತ್ತೆ ನಗಲಿಲ್ಲ. "ಮನೆ ಓಗೊಡತ್ತಾ ಅಂತ ನೋಡ್ತೀಯ. ಅಷ್ಟೇ ತಾನೆ?"

ಓಗೊಡುವುದು. ಮುಷ್ಕರದ ಕರೆಗೆ ಓಗೊಟ್ಟರು ಎಂದು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ಅವಳು. ಆದರೆ ಅದರೊಳಗೆ ಒಂದು "ಓ" ಇದೆ ಎಂದು ಈವರೆಗೆ ಹೊಳೆದಿರಲಿಲ್ಲ. ಕರೆದಾಗ ಒಳಗಿನಿಂದ ಯಾರೋ ಓ ಎನ್ನುವುದು. ಕೇಳಿಸಿತು, ಇದ್ದೇನೆ ಎನ್ನುವುದು. ಇಷ್ಟು ವರ್ಷ ತಾನು ಮಾಡುತ್ತಿದ್ದುದು ಅದನ್ನೇ, ಮನೆಗಳನ್ನು ಓಗೊಡಿಸುವುದನ್ನು. ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ಕಣ್ಣು ತುಂಬಿ ಬಂತು. ಧೂಳು ಎಂದು ಸೆರಗಿನಿಂದ ಒರೆಸಿಕೊಂಡಳು.

"ನಮ್ಮ ಕೆಲಸದಲ್ಲೂ ಅದೇ ತಾನೆ," ಎಂದರು ಅತ್ತೆ. "ಆ ಕಡೆಯವರು ಓ ಅನ್ನೋವರೆಗೂ ಜೀವ ಹಿಡ್ಕೊಂಡು ಕೂತಿರ್ತಿದ್ವಿ." ಆಮೇಲೆ ಅವಳ ಭುಜ ಹಿಡಿದು ಹಾಲ್‌ಗೆ ಬಂದು, ಗಂಟಲು ಸರಿ ಮಾಡಿಕೊಂಡು "ಹಲೋ" ಎಂದರು. ಸೊಸೆ ಎಂದೂ ಕೇಳದಿದ್ದ, ಎಳೆಯ, ಠೀವಿಯ ದನಿ. ಕೋಣೆ ಅದನ್ನು ಹಾಗೆಯೇ ಒಪ್ಪಿಸಿತು. ಲೈನು ಪರವಾಗಿಲ್ಲ ಎಂದು ಅತ್ತೆ ಸರ್ಟಿಫಿಕೇಟು ಕೊಟ್ಟರು.

ಸಂಜೆ ಊಟಕ್ಕೆ ಕೂತಾಗ ಅವರೇ ಮಗನಿಗೆ ಹೇಳಿದರು. "ನಿನ್ನ ಹೆಂಡ್ತಿ ಖಾಲಿ ಮನೆಗಳನ್ನ ಓಗೊಡಿಸ್ತಾಳೆ ಕಣೋ. ನಿಂಗೆ ಗೊತ್ತಿತ್ತಾ?"

ಅವನು ಕೈ ತಡೆದು ಹೆಂಡತಿಯ ಮುಖ ನೋಡಿದ. "ಓ, ಅದಾ," ಎಂದ. ಲಾರಿಗಳೆಲ್ಲ ಹೊರಗೆ ಹೋದಾಗ ತಮ್ಮ ಷೆಡ್ಡೂ ಓಗೊಡುತ್ತದೆ, ಸ್ಪ್ಯಾನರ್ ಕೆಳಗೆ ಬಿದ್ದರೆ ತಗಡಿನ ಸೂರು ಬಹಳ ಹೊತ್ತು ಗುನುಗುತ್ತದೆ, ಕೆಲಸ ಬಿಟ್ಟು ಕೇಳುತ್ತಾ ನಿಂತದ್ದೂ ಉಂಟು ಎಂದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅನ್ನಿಸಿರಲಿಲ್ಲವಂತೆ.

ರಜೆಯ ದಿನ ಅವನು ಇಬ್ಬರನ್ನೂ ಷೆಡ್ಡಿಗೆ ಕರೆದುಕೊಂಡು ಹೋದ. ಗ್ರೀಸಿನ ಕಲೆಗಳ ನಡುವೆ ನಿಂತು ಮೊದಲು ಸಂಕೋಚಪಟ್ಟ. ಏನೆಂದು ಕರೆಯಬೇಕೋ ತೋಚದೆ, ಕೊನೆಗೆ ಜೋರಾಗಿ "ಅಮ್ಮಾ" ಎಂದ. ಷೆಡ್ಡೂ ಓಗೊಟ್ಟಿತು, ಅಮ್ಮನೂ ಓಗೊಟ್ಟರು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಸೂರು ಇನ್ನಷ್ಟು ದೊಡ್ಡದು ಮಾಡಿತು.

ಬರುವಾಗ ದಾರಿಯಲ್ಲಿ ಅವಳು ಅತ್ತೆಯ ಕೈ ಹಿಡಿದುಕೊಂಡಳು. ಮನೆಯವರಿಗೆ ಥ್ಯಾಂಕ್ಸ್ ಹೇಳಿ ಅವಳಿಗೆ ರೂಢಿಯಿರಲಿಲ್ಲ. "ಅವತ್ತು ಆ ಮಾತು ಹೇಳಿಕೊಟ್ರಲ್ಲ ಅತ್ತೆ, ದೊಡ್ಡ ಉಪಕಾರ ಆಯ್ತು," ಎಂದಳು.

ಅತ್ತೆಗೆ ಯಾವ ಮಾತೆಂದು ತಕ್ಷಣ ನೆನಪಾಗಲಿಲ್ಲ. ನೆನಪಾದ ಮೇಲೆ, ಬಾಯಿಗೆ ಬಂದದ್ದನ್ನು ಹೇಳಿದೆ, ಅದರಲ್ಲೇನು ಮಹಾ ಎಂದರು. ಆಮೇಲೆ ನಾಳೆ ಅಳತೆಗೆ ಎಲ್ಲಿಗೆ ಹೋಗುವುದು, ಅಲ್ಲಿ ಮಹಡಿ ಇದೆಯಾ ಎಂದು ಕೇಳಿದರು. ಇದ್ದರೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಬರುವುದಾಗಿ ಹೇಳಿದರು.